ಮಾನವ ಕಳ್ಳಸಾಗಣೆ ಮತ್ತು ಕ್ರಿಪ್ಟೊ ಹಣ: ಗಡಿಭಾಗದವರಿಗೆ ಒಂದಿಷ್ಟು ಮಾಹಿತಿ

ಸಾಂಗಲಿ–ಮಿರಜ್ ಭಾಗದ ಕನ್ನಡಿಗರಿಗೆ ಮಾನವ ಕಳ್ಳಸಾಗಣೆ ಎಂಬುದು ಪತ್ರಿಕೆಯಲ್ಲಷ್ಟೇ ಓದಿದ ವಿಷಯವಲ್ಲ. ಬೆಳಗಾವಿ, ಬಾಗಲಕೋಟೆ ಕಡೆ ಮುತ್ತು ಕಟ್ಟಿಸಿಕೊಂಡ ಹೆಣ್ಣುಮಕ್ಕಳು ಸಾಂಗಲಿ, ಮಿರಜ್, ಪುಣೆ, ಮುಂಬಯಿಗಳ ದಂಧೆ ಸೇರಿದ್ದನ್ನು ನಮ್ಮ ಹಿರಿಯರು ಬಲ್ಲರು. ಮನುಷ್ಯರು ಗಡಿ ದಾಟುತ್ತಿದ್ದರು, ಕಾನೂನು ಮಾತ್ರ ಗಡಿಯಲ್ಲೇ ನಿಲ್ಲುತ್ತಿತ್ತು. 1934ರ ಮುಂಬಯಿ ಪ್ರಾಂತದ ದೇವದಾಸಿ ಕಾಯ್ದೆ ಬೆಳಗಾವಿ, ಧಾರವಾಡಗಳಿಗೆ ಅನ್ವಯಿಸಿತು. ಆಗ ಪಟವರ್ಧನರ ಸಂಸ್ಥಾನಗಳಾಗಿದ್ದ ಸಾಂಗಲಿ, ಮಿರಜ್ ಪ್ರಾಂತದ ಹೊರಗಿದ್ದವು. ಕರ್ನಾಟಕ 1982ರಲ್ಲಿ ನಿಷೇಧ ಕಾಯ್ದೆ ಮಾಡಿತು, ಮಹಾರಾಷ್ಟ್ರದ ನಿರ್ಮೂಲನ ಕಾಯ್ದೆ ಬಂದದ್ದು 2005ರಲ್ಲಿ.

ಈಗ ಹಣವೂ ಗಡಿ ದಾಟುವುದು ಕಲಿತಿದೆ. ಅಮೆರಿಕದ ಬ್ಯಾಕ್‌ಪೇಜ್ ಎಂಬ ಜಾಹೀರಾತು ತಾಣದ ಕಥೆ ನೋಡಿ. ಹೆಣ್ಣುಮಕ್ಕಳ ಮಾರಾಟಕ್ಕೆ ಅದು ದಾರಿಯಾಗಿದೆ ಎಂಬ ದೂರು ಬಂದು, 2015ರಲ್ಲಿ ವೀಸಾ, ಮಾಸ್ಟರ್‌ಕಾರ್ಡ್ ಪಾವತಿ ನಿಲ್ಲಿಸಿದವು. ಜಾಹೀರಾತಿನ ಹಣ ಬಿಟ್‌ಕಾಯಿನ್ ಕಡೆ ತಿರುಗಿತು. 2018ರ ಏಪ್ರಿಲ್‌ನಲ್ಲಿ ಸರ್ಕಾರ ತಾಣವನ್ನೇ ಮುಚ್ಚಿಸಿತು.

ಇಂಥ ಪಾವತಿಗಳನ್ನು ಅಧ್ಯಯನ ಮಾಡಿಸುವ ಮಸೂದೆಗೆ ಅಲ್ಲಿನ ಕೆಳಮನೆ 2019ರ ಜನವರಿಯಲ್ಲಿ ಒಪ್ಪಿಗೆ ಕೊಟ್ಟಿತು. 2021ರ ಜನವರಿ 1ರಂದು ರಕ್ಷಣಾ ಕಾಯ್ದೆಯೊಂದರ ಭಾಗವಾಗಿ ಆ ಅಧ್ಯಯನ ಕಾನೂನಾಯಿತು. ನಮ್ಮ ಸಿಎಜಿಯಂಥ ಸಂಸ್ಥೆಗೆ ಆ ಕೆಲಸ ಬಂತು. ವರದಿಯಲ್ಲಿ ನಮಗೆ ಮುಖ್ಯವೆನಿಸಿದ ಅಂಶ ಒಂದು: ನಗದು ಕೊಟ್ಟು ಕ್ರಿಪ್ಟೊ ಪಡೆಯುವ ಎಟಿಎಂನಂಥ ಯಂತ್ರಗಳ ಮಾಲೀಕರು ನೋಂದಣಿ ಮಾಡಿಸಬೇಕು, ಆದರೆ ಯಂತ್ರಗಳು ಎಲ್ಲೆಲ್ಲಿವೆ ಎಂದು ನಿಯಮಿತವಾಗಿ ತಿಳಿಸಬೇಕಿರಲಿಲ್ಲ! ತನಿಖೆಯವರಿಗೆ ಇದೇ ದೊಡ್ಡ ತೊಡಕು. ಹುಡುಕದೆ ಹೋಗಿದ್ದರೆ ಇದು ಹೊರಬರುತ್ತಿರಲಿಲ್ಲ.

ನಮ್ಮ ದೇಶದಲ್ಲಿ ಎರಡು ಕಡೆಯ ಕಾನೂನುಗಳೂ ಇವೆ. ಕಳ್ಳಸಾಗಣೆಗೆ 1956ರ ಅನೈತಿಕ ವ್ಯವಹಾರ ತಡೆ ಕಾಯ್ದೆ, ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಂ. ಕ್ರಿಪ್ಟೊಗೆ 2023ರ ಮಾರ್ಚ್ 7ರ ಅಧಿಸೂಚನೆ: ಅದರಂತೆ ವಿನಿಮಯ ಸಂಸ್ಥೆಗಳು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಡಿ ಬಂದವು, ಗ್ರಾಹಕರ ಗುರುತು ಪರಿಶೀಲಿಸಿ, ಅನುಮಾನದ ವ್ಯವಹಾರವನ್ನು ಹಣಕಾಸು ಗುಪ್ತಚರ ಘಟಕಕ್ಕೆ ತಿಳಿಸಬೇಕು. ಇವೆರಡನ್ನೂ ಜೋಡಿಸಿ ನೋಡುವ ಅಧ್ಯಯನಕ್ಕೆ ಸಂಸತ್ತು ಇನ್ನೂ ಕಾಯ್ದೆ ಮಾಡಿಲ್ಲ. 2018ರಲ್ಲಿ ಲೋಕಸಭೆ ಒಪ್ಪಿದ ಸಮಗ್ರ ಕಳ್ಳಸಾಗಣೆ ಮಸೂದೆಯೇ ರಾಜ್ಯಸಭೆ ದಾಟದೆ ಮರುವರ್ಷ ಬಿದ್ದುಹೋಯಿತು. ಅಂಥ ಅಧ್ಯಯನ ನಡೆದರೆ ಸಾಂಗಲಿಯ 'ಸಂಗ್ರಾಮ್' ಮತ್ತು 'ವ್ಯಾಂಪ್' ಸಂಘಟನೆಗಳು ಬಹುಕಾಲದಿಂದ ಹೇಳುತ್ತಿರುವ ಮಾತನ್ನೂ ಕೇಳಬೇಕು: ಸ್ವಇಚ್ಛೆಯಿಂದ ದುಡಿಯುವ ವಯಸ್ಕ ಹೆಂಗಸಿನ ಗಳಿಕೆ ಬೇರೆ, ಮಾರಿಹೋದವಳ ಬೆಲೆ ಬೇರೆ.

ಹುಡುಗರ ವಿಷಯದಲ್ಲೂ ಎಚ್ಚರ ಬೇಕು. ಥಾಯ್ಲೆಂಡಿನಲ್ಲಿ ಡೇಟಾ ಎಂಟ್ರಿ ಕೆಲಸವೆಂದು ಒಯ್ದು, ಮ್ಯಾನ್ಮಾರ್ ಗಡಿಯ ವಂಚನಾ ಕೇಂದ್ರಗಳಲ್ಲಿ ಕೂಡಿಹಾಕುತ್ತಾರೆ. ಅಲ್ಲಿ ಅವರಿಂದಲೇ ಆನ್‌ಲೈನ್ ಮೋಸ ಮಾಡಿಸುತ್ತಾರೆ, ಹಣ ಬಹುಪಾಲು ಯುಎಸ್‌ಡಿಟಿ ರೂಪದಲ್ಲಿ ಹೋಗುತ್ತದೆ. 2025ರ ಮಾರ್ಚ್ 10ರಂದು ಒಂದೇ ದಿನ ವಾಯುಪಡೆಯ ವಿಮಾನದಲ್ಲಿ 283 ಭಾರತೀಯರನ್ನು ಕರೆತರಲಾಯಿತು. ವಿದೇಶದ ಕೆಲಸ ಕೊಡಿಸುವ ಏಜೆಂಟರ ನೋಂದಣಿಯನ್ನು ವಿದೇಶಾಂಗ ಇಲಾಖೆಯ ಇ-ಮೈಗ್ರೇಟ್ ಪೋರ್ಟಲ್‌ನಲ್ಲಿ ನೋಡಬಹುದು. ಪ್ರವಾಸಿ ವೀಸಾದಲ್ಲಿ ಕೆಲಸಕ್ಕೆ ಕಳಿಸುತ್ತೇನೆಂದರೆ ಅಲ್ಲಿಗೇ ಮಾತು ಮುಗಿಸಿ.

ಕ್ರಿಪ್ಟೊ ಹಣದ ಜಾಡು ಸಿಗುವುದೇ ಇಲ್ಲ ಎಂಬುದು ತಪ್ಪು ತಿಳಿವಳಿಕೆ. ಬಿಟ್‌ಕಾಯಿನ್‌ನ ಪ್ರತಿ ವರ್ಗಾವಣೆಯೂ ಯಾರು ಬೇಕಾದರೂ ನೋಡಬಹುದಾದ ಲೆಕ್ಕದಲ್ಲಿ ದಾಖಲಾಗುತ್ತದೆ. ಅಲ್ಲಿ ಹೆಸರಿರುವುದಿಲ್ಲ, ವಾಲೆಟ್ ವಿಳಾಸವಿರುತ್ತದೆ. ಅದನ್ನು ರೂಪಾಯಿ ಮಾಡಲು ವಿನಿಮಯ ಸಂಸ್ಥೆಗೆ ಬಂದಾಗ ಹೆಸರು ಸಿಗುವ ಸಾಧ್ಯತೆ ಇದೆ. ಹಾಗಾಗಿ ವಾಲೆಟ್ ವಿಳಾಸ, ವರ್ಗಾವಣೆಯ ಐಡಿ, ಏಜೆಂಟನ ನಂಬರು, ಚಾಟ್ ಯಾವುದನ್ನೂ ಅಳಿಸಬೇಡಿ. ನಾಚಿಕೆಯಿಂದ ಮೊದಲು ಚಾಟ್ ಅಳಿಸುವವರೇ ಹೆಚ್ಚು.

ಘಟನೆ ಅಥಣಿಯಲ್ಲಿ ನಡೆದಿದ್ದರೂ ಮಿರಜ್ ಠಾಣೆಯಲ್ಲಿ ದೂರು ಕೊಡಬಹುದು. ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಪ್ರಕಾರ ಠಾಣೆಯ ಹದ್ದು ನೋಡದೆ ಎಫ್‌ಐಆರ್ ದಾಖಲಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ಆನ್‌ಲೈನ್ ಹಣದ ಮೋಸಕ್ಕೆ 1930, ಮಕ್ಕಳ ವಿಷಯಕ್ಕೆ 1098, ತುರ್ತಿಗೆ 112.