ಉಪ್ಪಾಗೆ: ಮಲೆನಾಡಿನ ಹುಳಿ, ಅಮೆರಿಕದ ಗುಳಿಗೆ

ತೂಕ ಇಳಿಸುವುದಾಗಿ ಹೇಳುವ ಹಲವು ಗುಳಿಗೆ, ಪುಡಿಗಳ ಡಬ್ಬಿಯ ಮೇಲೆ ‘ಗಾರ್ಸಿನಿಯಾ ಕಾಂಬೋಜಿಯಾ’ ಎಂಬ ಹೆಸರು ಇರುತ್ತದೆ. ಅದನ್ನು ಓದಿದವರಿಗೆ ಯಾವುದೋ ದೂರದೇಶದ ಮೂಲಿಕೆ ಇರಬೇಕೆಂದು ಅನ್ನಿಸುವುದು ಸಹಜ. ಆದರೆ ಅದು ಸಾಗರ, ಹೊಸನಗರ, ತೀರ್ಥಹಳ್ಳಿಯ ಜನ ಚಿಕ್ಕಂದಿನಿಂದ ಕಂಡ ಉಪ್ಪಾಗೆ. ಅಡುಗೆಮನೆಯ ಈ ಹುಳಿ ಬೊಜ್ಜು ಕರಗಿಸುವ ಮದ್ದಾದದ್ದು ಹೇಗೆ? ಆ ಮಾತಿನಲ್ಲಿ ಹುರುಳೆಷ್ಟು?

ಪಶ್ಚಿಮಘಟ್ಟದ ಕಾಡಿನಲ್ಲಿ ಬೆಳೆಯುವ ಉಪ್ಪಾಗೆ ಮುರುಗಲಿನ ಹತ್ತಿರದ ನೆಂಟ. ಹಣ್ಣಿಗೆ ಪುಟ್ಟ ಕುಂಬಳದಂತೆ ಏಣುಗಳಿರುತ್ತವೆ. ಜಡಿಮಳೆಯ ದಿನಗಳಲ್ಲೇ ಅದು ಮಾಗುವುದರಿಂದ ಸಿಪ್ಪೆಯನ್ನು ಒಲೆಯ ಶಾಖದಲ್ಲಿ ಒಣಗಿಸಬೇಕು. ಹೊಗೆ ಕುಡಿದು ಕಪ್ಪಾದ ಸಿಪ್ಪೆ ಹುಳಿಗಾಗುತ್ತದೆ. ಬೀಜದಿಂದ ತೆಗೆಯುವ ‘ಉಪ್ಪಾಗೆ ತುಪ್ಪ’ ಊಟಕ್ಕಾಗುತ್ತದೆ. ಕೊಡಗಿನ ಕಾಚಂಪುಳಿ, ಕೇರಳದ ಮೀನುಸಾರಿನ ಕೊಡಂಪುಳಿ ಎರಡೂ ಇದೇ ಹಣ್ಣಿನವು. ಇದನ್ನು ತಲೆಮಾರುಗಳಿಂದ ತಿಂದವರು ರುಚಿಗೆಂದು ತಿಂದರೇ ಹೊರತು ಸಪೂರವಾಗಲೆಂದು ತಿನ್ನಲಿಲ್ಲ.

‘ಕಾಂಬೋಜಿಯಾ’ ಎಂಬ ಹೆಸರಿನಲ್ಲೇ ಒಂದು ತಪ್ಪು ಅಡಗಿದೆ. ಕಾಂಬೋಡಿಯಾ ಕಡೆಯಿಂದ ಯೂರೋಪಿಗೆ ಹೋಗುತ್ತಿದ್ದ ಹಳದಿ ಬಣ್ಣದ ಅಂಟು ಈ ಮರದ್ದೆಂದು 18ನೇ ಶತಮಾನದ ಸಸ್ಯಶಾಸ್ತ್ರಜ್ಞ ಲಿನೇಯಸ್ ತಿಳಿದಿದ್ದ. ಆ ಅಂಟು ಅದೇ ಕುಲದ ಬೇರೆ ಮರದ್ದು. ವಿಜ್ಞಾನಿಗಳು ಈಗ ಉಪ್ಪಾಗೆಯನ್ನು ‘ಗಾರ್ಸಿನಿಯಾ ಗಮ್ಮಿಗಟ್ಟಾ’ ಎನ್ನುತ್ತಾರೆ. ಡಬ್ಬಿಗಳ ಮೇಲೆ ಮಾತ್ರ ಹಳೆಯ ಹೆಸರೇ ಉಳಿದಿದೆ.

ಇಕ್ಕೇರಿ ಸೀಮೆಗೆ ಕಡಲಾಚೆಯ ಬೇಡಿಕೆ ಹೊಸದಲ್ಲ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಪೋರ್ಚುಗೀಸ್ ರಾಯಭಾರಿಯ ಜೊತೆ ಇಕ್ಕೇರಿಗೆ ಬಂದಾಗ ಆಳುತ್ತಿದ್ದವನು ವೆಂಕಟಪ್ಪ ನಾಯಕ. ಪೋರ್ಚುಗೀಸರಿಗೆ ಆತನ ರಾಜ್ಯದ ಕಾಳುಮೆಣಸು ಬೇಕಿತ್ತು. ಮೆಣಸನ್ನು ಕೊಂಡವರಿಗೆ ಅದರ ಖಾರ ನಾಲಿಗೆಯ ಮೇಲೆಯೇ ಗೊತ್ತಾಗುತ್ತಿತ್ತು. ಉಪ್ಪಾಗೆಯ ಕಥೆ ಹಾಗಲ್ಲ. ಅದನ್ನು ಕೊಂಡವರು ಕೊಂಡದ್ದು ಒಂದು ಭರವಸೆಯನ್ನು.

ಆ ಭರವಸೆಯ ಮೂಲ ಮೈಸೂರಿನಲ್ಲಿದೆ. ಉಪ್ಪಾಗೆಯ ಹುಳಿಗೆ ಮುಖ್ಯ ಕಾರಣ ಹೈಡ್ರಾಕ್ಸಿಸಿಟ್ರಿಕ್ ಆಮ್ಲ ಎಂದು ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದ ವೈ.ಎಸ್. ಲೂಯಿಸ್ ಮತ್ತು ಎಸ್. ನೀಲಕಂಠನ್ 1965ರಲ್ಲಿ ಗುರುತಿಸಿದರು. ಹೆಚ್ಚಾದ ಪಿಷ್ಟವನ್ನು ಕೊಬ್ಬಾಗಿ ಮಾರ್ಪಡಿಸಲು ದೇಹ ಬಳಸುವ ಒಂದು ಕಿಣ್ವವನ್ನು ಈ ಆಮ್ಲ ತಡೆಯುತ್ತದೆಂದು ಅಮೆರಿಕದ ಬ್ರಾಂಡೈಸ್ ವಿಶ್ವವಿದ್ಯಾಲಯದ ಸಂಶೋಧಕರು 1969ರಲ್ಲಿ ತೋರಿಸಿದರು. 1970ರ ದಶಕದ ಪ್ರಯೋಗಗಳಲ್ಲಿ ಆಮ್ಲ ತಿಂದ ಇಲಿಗಳ ಆಹಾರ ಸೇವನೆ ಕಡಿಮೆಯಾಯಿತು. ಕೊಬ್ಬಿನ ಉತ್ಪತ್ತಿಯೂ ತಗ್ಗಿತು. ಇಷ್ಟೂ ಪ್ರಾಮಾಣಿಕ ವಿಜ್ಞಾನವೇ. ಆದರೆ ಇಲಿಗೆ ಸಲ್ಲುವುದು ಮನುಷ್ಯನಿಗೆ ಸಲ್ಲಬೇಕೆಂದಿಲ್ಲ. ಸಾಮಾನ್ಯ ಊಟ ಮಾಡುವ ಮನುಷ್ಯನ ಮೈಗೆ ಸೇರುವ ಕೊಬ್ಬಿನ ಬಹುಪಾಲು ಊಟದಲ್ಲಿನ ಎಣ್ಣೆ, ತುಪ್ಪಗಳದ್ದು. ಪಿಷ್ಟದಿಂದ ತಯಾರಾಗುವುದು ಅಲ್ಪ.

ಮನುಷ್ಯರ ಮೇಲೆ ಗಟ್ಟಿಯಾದ ಪರೀಕ್ಷೆ ನಡೆಯುವವರೆಗೆ ವ್ಯಾಪಾರ ಕಾಯಲಿಲ್ಲ. 1994ರಲ್ಲಿ ಅಮೆರಿಕ ಹೊಸ ಕಾನೂನು ಮಾಡಿತು. ಅದರಂತೆ ಆಹಾರ ಪೂರಕಗಳನ್ನು ಮಾರುವ ಮೊದಲು ಅವುಗಳ ಪರಿಣಾಮವನ್ನು ಸರ್ಕಾರದ ಮುಂದೆ ಸಾಬೀತುಪಡಿಸಬೇಕಾಗಿಲ್ಲ. ಪೂರಕಗಳ ಮಾರುಕಟ್ಟೆ ಬೆಳೆದಂತೆ ಉಪ್ಪಾಗೆ ಸಿಪ್ಪೆಗೂ ಬೇಡಿಕೆ ಏರಿತು. ಅದರ ಬಿಸಿ ತಟ್ಟಿದ್ದು ಘಟ್ಟದ ಕಾಡುಗಳಿಗೆ. ಯಾರು ಬೇಕಾದರೂ ಕೊಯ್ಯಬಹುದಾದ ಕಡೆ ‘ನಾನು ಬಿಟ್ಟರೆ ಇನ್ನೊಬ್ಬ ಕೊಯ್ದಾನು’ ಎಂಬ ಅವಸರದಲ್ಲಿ ಕಾಯಿಯೇ ಉದುರಿತು, ಕೊಂಬೆ ಮುರಿಯಿತು. ಸಿಪ್ಪೆ ಒಣಗಿಸಲು ಕಾಡಿನ ಸೌದೆಯೇ ಉರಿಯಿತು.

ಪರೀಕ್ಷೆಯ ಫಲ ಬಂದದ್ದು 1998ರಲ್ಲಿ, ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ. ನ್ಯೂಯಾರ್ಕಿನಲ್ಲಿ 135 ಮಂದಿಯನ್ನು ಎರಡು ಗುಂಪು ಮಾಡಿ, ಎರಡಕ್ಕೂ ಮಿತಾಹಾರ ಹೇಳಲಾಯಿತು. ಒಂದು ಗುಂಪಿಗೆ ದಿನಕ್ಕೆ 1,500 ಮಿಲಿಗ್ರಾಂ ಉಪ್ಪಾಗೆ ಆಮ್ಲ, ಇನ್ನೊಂದಕ್ಕೆ ಸತ್ವವಿಲ್ಲದ ಹುಸಿ ಗುಳಿಗೆ. ಹನ್ನೆರಡು ವಾರಗಳಲ್ಲಿ ಉಪ್ಪಾಗೆಯವರು ಸರಾಸರಿ 3.2 ಕಿಲೋ ಇಳಿದರೆ, ಹುಸಿ ಗುಳಿಗೆಯವರು 4.1 ಕಿಲೋ ಇಳಿದರು. ಈ ಅಂತರ ಲೆಕ್ಕಕ್ಕೆ ಹಿಡಿಯುವಂಥದ್ದಲ್ಲ. ಆದರೆ ಉಪ್ಪಾಗೆಯಿಂದ ಹೆಚ್ಚಿನ ಲಾಭವಿಲ್ಲ ಎಂಬುದು ಸ್ಪಷ್ಟವಾಯಿತು. ತೂಕ ಇಳಿಸಿದ್ದು ಎರಡೂ ಗುಂಪಿನ ಮಿತವಾದ ಊಟ. ಹಲವು ಪರೀಕ್ಷೆಗಳನ್ನು ಒಟ್ಟುಗೂಡಿಸಿದ 2011ರ ವಿಶ್ಲೇಷಣೆಯಲ್ಲಿ ಉಪ್ಪಾಗೆಯ ಪರ ಕಂಡ ವ್ಯತ್ಯಾಸ ಸುಮಾರು 0.88 ಕಿಲೋ. ಕಟ್ಟುನಿಟ್ಟಾದ ಪರೀಕ್ಷೆಗಳನ್ನಷ್ಟೇ ನೋಡಿದಾಗ ಅದೂ ನಿಲ್ಲಲಿಲ್ಲ.

ಆದರೂ ಮಾರಾಟ ನಿಲ್ಲಲಿಲ್ಲ. ಟೆಲಿವಿಷನ್ ವೈದ್ಯ ಮೆಹ್ಮೆತ್ ಓಜ್ ತಮ್ಮ ಕಾರ್ಯಕ್ರಮದಲ್ಲಿ ಇದನ್ನು ಹೊಗಳಿದರು. 2014ರ ಜೂನ್‌ನಲ್ಲಿ ಅಮೆರಿಕದ ಸೆನೆಟ್ ಉಪಸಮಿತಿಯ ಮುಂದೆ ಅಂಥ ಹೊಗಳಿಕೆಗಳಿಗೆ ಉತ್ತರ ಕೊಡಬೇಕಾಯಿತು. ಫಲವಿಲ್ಲದಿದ್ದರೂ ಹಾನಿಯಿಲ್ಲವಲ್ಲ ಎನ್ನುವಂತೆಯೂ ಇಲ್ಲ. ಉಪ್ಪಾಗೆ ಸತ್ವದ ಗುಳಿಗೆ ನುಂಗಿದ ಕೆಲವರಲ್ಲಿ ಯಕೃತ್ತಿಗೆ ತೀವ್ರ ಹಾನಿಯಾದ ಪ್ರಕರಣಗಳನ್ನು ವೈದ್ಯರು ವರದಿ ಮಾಡಿದ್ದಾರೆ. ಸಾರಿಗೆ ಹಾಕುವ ಒಂದೆರಡು ಸಿಪ್ಪೆಗೂ ದಿನವೂ ನುಂಗುವ ಸಾಂದ್ರ ಸತ್ವಕ್ಕೂ ಅಜಗಜಾಂತರ.

ನಮ್ಮಲ್ಲಿ ಕಾನೂನು ಏನು ಹೇಳುತ್ತದೆ? ಔಷಧಿಯೊಂದು ಬೊಜ್ಜನ್ನು ಗುಣಪಡಿಸುತ್ತದೆಂದು ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಆದರೆ ಪೂರಕಗಳು ಮಾರಾಟವಾಗುವುದು ಆಹಾರದ ಹೆಸರಿನಲ್ಲಿ. ಅವುಗಳ ಡಬ್ಬಿಯ ಮೇಲೆ ‘ಔಷಧೀಯ ಬಳಕೆಗಲ್ಲ’ ಎಂಬ ಸೂಚನೆ ಇರಬೇಕೆಂದು ಆಹಾರ ಸುರಕ್ಷತಾ ನಿಯಮ ಹೇಳುತ್ತದೆ. ಮುಂಭಾಗದಲ್ಲಿ ತೆಳು ಸೊಂಟದ ಚಿತ್ರ, ಹಿಂಭಾಗದಲ್ಲಿ ಈ ಸಣ್ಣಕ್ಷರ. ಊಟದ ಬದಲು ಕುಡಿಯಿರೆಂದು ಪರಿಚಿತರೇ ಮನೆಗೆ ತಂದು ಮಾರುವ ಶೇಕ್ ಪುಡಿಗಳನ್ನೂ ಇದೇ ಕಣ್ಣಿನಿಂದ ನೋಡಬೇಕು. ‘ಮನುಷ್ಯರ ಮೇಲೆ ಪರೀಕ್ಷೆಯಾಗಿದೆಯೆ? ಹುಸಿ ಗುಳಿಗೆಯ ಜೊತೆ ಹೋಲಿಸಿದ್ದಾರೆಯೆ? ಎಷ್ಟು ಕಿಲೋ, ಎಷ್ಟು ದಿನ ಉಳಿಯಿತು?’ ಎಂದು ಕೇಳುವುದರಲ್ಲಿ ದಾಕ್ಷಿಣ್ಯ ಬೇಕಿಲ್ಲ.

ಉಪ್ಪಾಗೆಯದೇನೂ ತಪ್ಪಿಲ್ಲ. ಮಲೆನಾಡಿನ ಅಡುಗೆಮನೆ ಅದಕ್ಕೆ ಕೊಟ್ಟ ಕೆಲಸವನ್ನು ಅದು ಇಂದಿಗೂ ಚೆನ್ನಾಗಿಯೇ ಮಾಡುತ್ತಿದೆ.