ಸೇಬು ಒಗ್ಗದ ನೆಲದಲ್ಲಿ ಸೀತಾಫಲದ ಚರಿತ್ರೆ



2020ರಲ್ಲಿ ನಮ್ಮ ತೆಲಂಗಾಣದ ಆಸಿಫಾಬಾದ್ ಜಿಲ್ಲೆಯ ಕೆರಮೇರಿ ಕಡೆ ಸೇಬು ಹಣ್ಣು ಬಿಟ್ಟ ಸುದ್ದಿ ಪೇಪರಿನಲ್ಲಿ ಬಂತು. ಅಂದಿನಿಂದ ನಾರಾಯಣಪೇಟೆ, ಮಕ್ತಲ್, ಗದ್ವಾಲ ಕಡೆಯ ರೈತರಿಗೂ ಆಸೆ ಹುಟ್ಟಿದೆ. "ಸಾರ್, ನಮ್ಮ ಹೊಲದಾಗ ಸೇಬು ಬರ್ತದೇನ್ರಿ?" ಎಂದು ಮಕ್ಕಳ ಪಾಲಕರು ಕೇಳುತ್ತಾರೆ. ನಾನು ತೋಟಗಾರಿಕೆ ಓದಿದವನಲ್ಲ, ಸಮಾಜ ಪಾಠ ಹೇಳುವ ಮೇಷ್ಟ್ರು. ಆದ್ದರಿಂದ ಚರಿತ್ರೆಯಿಂದಲೇ ಉತ್ತರ ಹುಡುಕಿದ್ದೇನೆ.

ಸೇಬು, ಪಿಯರ್, ಚೆರ್ರಿ ಇವೆಲ್ಲ ಹಿಮ ಬೀಳುವ ಸೀಮೆಯ ಗಿಡಗಳು. ಚಳಿಗಾಲದಲ್ಲಿ ಎಲೆ ಉದುರಿಸಿ ನಿದ್ದೆ ಹೋಗುತ್ತವೆ. ನಡುವೆ ನಾಲ್ಕು ದಿನ ಬಿಸಿಲು ಬಿತ್ತೆಂದು ಮೊಗ್ಗು ಒಡೆದರೆ ಮುಂದಿನ ಹಿಮಕ್ಕೆ ಸುಟ್ಟುಹೋಗುತ್ತವಲ್ಲ, ಅದಕ್ಕೇ ಗಿಡ ಚಳಿಯ ಗಂಟೆಗಳನ್ನು ಲೆಕ್ಕ ಇಡುತ್ತದೆ! ಹಳೆಯ ಸೇಬಿನ ತಳಿಗಳಿಗೆ ಸುಮಾರು 7 ಡಿಗ್ರಿಗಿಂತ ಕೆಳಗಿನ ಚಳಿ 800ರಿಂದ 1200 ಗಂಟೆ ಬೇಕು. ಆ ಲೆಕ್ಕ ತುಂಬದಿದ್ದರೆ ಸರಿಯಾಗಿ ಹೂವೂ ಇಲ್ಲ, ಕಾಯಿಯೂ ಇಲ್ಲ. ನಾವು ಪುಷ್ಯ ಮಾಸದ ನಸುಕಿನಲ್ಲಿ ಕಂಬಳಿ ಹೊದ್ದು ನಡುಗುವುದು ನಿಜ, ಆದರೆ ಒಂಬತ್ತು ಗಂಟೆಗೆಲ್ಲ ಬಿಸಿಲು ಚುರುಗುಟ್ಟುತ್ತದೆ. ಆ ಚಳಿ ಸೇಬಿಗೆ ಯಾವ ಮೂಲೆಗೂ ಸಾಲದು.

ತಂಪು ದೇಶದ ಹಣ್ಣಿನ ಹಂಬಲ ಹೊಸದೇನಲ್ಲ. 1526ರಲ್ಲಿ ದಿಲ್ಲಿ ಗೆದ್ದ ಬಾಬರನು ಹಿಂದುಸ್ತಾನದಲ್ಲಿ ಒಳ್ಳೆಯ ದ್ರಾಕ್ಷಿ, ಕರಬೂಜ ಇಲ್ಲವೆಂದು ತನ್ನ ಆತ್ಮಕಥೆಯಲ್ಲಿ ಕೊರಗುತ್ತಾನೆ. ಕಾಬೂಲಿನ ಕಡೆಯಿಂದ ಬಂದ ಕರಬೂಜ ಕೊಯ್ದಾಗ ಅತ್ತೇಬಿಟ್ಟನಂತೆ. ಆಮೇಲೆ ಆಗ್ರಾದ ತೋಟದಲ್ಲಿ ದ್ರಾಕ್ಷಿ ಮತ್ತು ಕರಬೂಜ ಬೆಳೆಸಿ ಸಂತೋಷಪಟ್ಟ. ಆ ಎರಡಕ್ಕೂ ಆಗ್ರಾದ ಬಿಸಿಲು ಒಗ್ಗಿತು.

ಸೇಬಿನಲ್ಲಿ ಗೆದ್ದವರು ಅದಕ್ಕೆ ತಕ್ಕ ನೆಲ ಆರಿಸಿಕೊಂಡವರು. 1904ರಲ್ಲಿ ಕುಷ್ಠರೋಗಿಗಳ ಸೇವೆಗೆಂದು ಅಮೆರಿಕದಿಂದ ಬಂದ ಸ್ಯಾಮ್ಯುಯೆಲ್ ಸ್ಟೋಕ್ಸ್ 1916ರಲ್ಲಿ ಶಿಮ್ಲಾದಾಚೆಯ ಕೋಟಗಢದಲ್ಲಿ ಅಮೆರಿಕದ ಸೇಬಿನ ಸಸಿ ನೆಟ್ಟರು. ಅದಕ್ಕೂ ಮೊದಲೇ 1870ರ ಸುಮಾರಿಗೆ ಕುಲ್ಲುವಿನಲ್ಲಿ ಇಂಗ್ಲಿಷರು ಸೇಬು ಬೆಳೆಸಿದ್ದರು, ಆದರೆ ಆ ಹಣ್ಣು ಹುಳಿ. ನಮ್ಮ ಜನರ ನಾಲಿಗೆಗೆ ಸಿಹಿ ಬೇಕೆಂದು ಸ್ಟೋಕ್ಸ್ ಗುರುತಿಸಿದರು. ಮುಂದೆ ಸತ್ಯಾನಂದ ಎಂದು ಹೆಸರಿಟ್ಟುಕೊಂಡು, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲಿಗೂ ಹೋದ ಈ ಮನುಷ್ಯನ ಬಗ್ಗೆ ನಮ್ಮ ಪಠ್ಯಪುಸ್ತಕಗಳಲ್ಲಿ ಇನ್ನಷ್ಟು ಇರಬೇಕಿತ್ತು.

ನಮ್ಮ ಕನ್ನಡ ನಾಡಿನಲ್ಲೂ ಸೇಬು ಇತ್ತು. ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ಸುತ್ತ ರೋಮ್ ಬ್ಯೂಟಿ ಎಂಬ ತಳಿಯನ್ನು ಒಂದು ಕಾಲದಲ್ಲಿ ಬೆಳೆಯುತ್ತಿದ್ದರು. ಇದೇ ತಳಿಯನ್ನು ಡಚ್ಚರು ಜಾವಾ ದ್ವೀಪದ ಬಾಟು ಎಂಬ ಮಲೆಪ್ರದೇಶಕ್ಕೆ ಒಯ್ದರು. ಅಲ್ಲಿನ ರೈತರು ಹಣ್ಣು ಕಿತ್ತ ಕೆಲವು ವಾರಗಳಲ್ಲೇ ಎಲೆಗಳನ್ನೆಲ್ಲ ಕೈಯಿಂದ ಕೀಳುತ್ತಾರೆ. ಗಿಡಕ್ಕೆ ಗಾಢ ನಿದ್ದೆ ಬರುವ ಮೊದಲೇ ಅದನ್ನು ಎಬ್ಬಿಸುವ ಉಪಾಯ! ವರ್ಷಕ್ಕೆ ಎರಡು ಬೆಳೆ ಸಿಗುತ್ತದೆ. ಆದರೆ ಒಂದೊಂದು ಎಲೆ ಕೀಳುವ ಕೂಲಿ ಎಷ್ಟೆಂದು ನೀವೇ ಲೆಕ್ಕ ಹಾಕಿ.

ಈಗ ಬಯಲುಸೀಮೆಗೆ ಬರುತ್ತಿರುವುದು ಎಚ್‌ಆರ್‌ಎಂಎನ್-99 ಎಂಬ ಕಡಿಮೆ ಚಳಿಯ ತಳಿ. ಹಿಮಾಚಲದ ಬಿಲಾಸಪುರದ ಹರಿಮನ್ ಶರ್ಮಾ ಎಂಬ ರೈತರು ತಮ್ಮ ಹಿತ್ತಲಲ್ಲಿ ಬೀಜದಿಂದ ಹುಟ್ಟಿದ ಗಿಡದಿಂದ ಇದನ್ನು ಬೆಳೆಸಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಹವ್ಯಾಸಕ್ಕೆ ಹಿತ್ತಲಲ್ಲಿ ಎರಡು ಗಿಡ ಹಾಕಿ, ಬೇಡವೆನ್ನುವುದಿಲ್ಲ. ಸಾಲ ಮಾಡಿ ಎಕರೆಗಟ್ಟಲೆ ಹಾಕುವ ಮೊದಲು ಮಾತ್ರ ನಮ್ಮ ಗುಡ್ಡಗಳ ಕಡೆ ಒಮ್ಮೆ ನೋಡಿ.

ಅಲ್ಲಿ ಸೀತಾಫಲ ಇದೆ. ಹೆಸರು ಕೇಳಿದರೆ ರಾಮಾಯಣದ ಕಾಲದ್ದು ಅನಿಸುತ್ತದೆ. ಆದರೆ ಅದರ ತವರು ಅಮೆರಿಕ ಖಂಡದ ಉಷ್ಣ ಪ್ರದೇಶ. ಪೋರ್ಚುಗೀಸರು ತಂದರೆಂಬುದು ಬಲವಾದ ಅಭಿಪ್ರಾಯ. 1879ರಲ್ಲಿ ಅಲೆಕ್ಸಾಂಡರ್ ಕನಿಂಗ್‌ಹ್ಯಾಮ್ ಮಾತ್ರ ಭಾರ್ಹುತ್ ಸ್ತೂಪದ ಕೆತ್ತನೆಯಲ್ಲಿರುವುದು ಸೀತಾಫಲವೇ ಎಂದು ಬರೆದರು. ಅಲ್ಲಿಂದ ವಾದ ನಡೆದೇ ಇದೆ. ಕಲ್ಲಿನಲ್ಲಿ ಕೆತ್ತಿದ ಗಂಟುಗಂಟಿನ ಹಣ್ಣು ಒಂದನ್ನೇ ನಂಬಿ ತೀರ್ಪು ಕೊಡುವುದು ನನಗೆ ಒಪ್ಪಿಗೆಯಿಲ್ಲ.

ಬಂದದ್ದು ಹೇಗೇ ಇರಲಿ, ಸೇಬಿನಂತೆ ಇದನ್ನು ಯಾರೂ ಮುದ್ದು ಮಾಡಬೇಕಾಗಲಿಲ್ಲ. ಎಲೆ ಕಹಿ, ಆಡು ಮೇಯುವುದಿಲ್ಲ. ಬೇಸಿಗೆಯ ಬರ ಬರುವಷ್ಟರಲ್ಲಿ ತಾನೇ ಎಲೆ ಉದುರಿಸಿ ನೀರು ಉಳಿಸಿಕೊಳ್ಳುತ್ತದೆ. ಸೇಬು ಚಳಿಗೆ ಮಾಡುವುದನ್ನೇ ಇದು ಬರಕ್ಕೆ ಮಾಡುತ್ತದೆ ನೋಡಿ! ಕಲ್ಲು ಮಡ್ಡಿಯಲ್ಲೂ ಬೇರು ಬಿಡುತ್ತದೆ. ನಮ್ಮ ಹಳೆಯ ಮಹಬೂಬನಗರ ಜಿಲ್ಲೆಯ ಬಾಲಾನಗರದ ಹೆಸರನ್ನೇ ಹೊತ್ತ 'ಬಾಲಾನಗರ್' ತಳಿ ದೇಶದ ಹೆಸರಾಂತ ಸೀತಾಫಲಗಳಲ್ಲಿ ಒಂದು. (ಹೈದರಾಬಾದಿನ ಕಾರ್ಖಾನೆಗಳ ಬಾಲಾನಗರ ಅಲ್ಲ, ಜಡ್ಚರ್ಲಾ ಆಚೆ ಹೆದ್ದಾರಿ ಮೇಲಿನದು.)

ಸೀತಾಫಲಕ್ಕೆ ತಂಪು ಸೀಮೆಯ ಸೋದರನೂ ಇದ್ದಾನೆ: ಆಂಡಿಸ್ ಪರ್ವತ ಕಣಿವೆಗಳ ಚೆರಿಮೋಯ. ಅದಕ್ಕೆ ನಮ್ಮ ಬಿಸಿಲು ಆಗದು. 1908ರಲ್ಲಿ ಫ್ಲೋರಿಡಾದಲ್ಲಿ ವೆಸ್ಟರ್ ಎಂಬ ತೋಟಗಾರಿಕೆ ತಜ್ಞ ಇವೆರಡನ್ನೂ ಕೂಡಿಸಿದ. ಹುಟ್ಟಿದ ಮಿಶ್ರ ತಳಿಗೆ ಅಟೆಮೋಯ ಎಂದು ಹೆಸರು. ಅಟೆಮೋಯವನ್ನು ಮತ್ತೆ ಸೀತಾಫಲದ ಜೊತೆ ಕೂಡಿಸಿ ಬೆಂಗಳೂರಿನ ಹೆಸರಘಟ್ಟದ ಸಂಶೋಧನಾ ಸಂಸ್ಥೆ 'ಅರ್ಕಾ ಸಹನ್' ತಳಿ ತಂದಿತು. ತಿರುಳು ಹೆಚ್ಚು, ಬೀಜ ಕಡಿಮೆ, ನಿಧಾನ ಹಣ್ಣಾಗುತ್ತದೆ. ತಂಪು ನಾಡಿನ ಗುಣ ನಮ್ಮ ಹೊಲಕ್ಕೆ ಬರಲು ಸೇಬಿಗಿಂತ ಇದು ಹತ್ತಿರದ ದಾರಿ ಎಂದು ನನ್ನ ಎಣಿಕೆ.

ದಸರಾ ಹೊತ್ತಿಗೆ ಬಸ್ ಸ್ಟ್ಯಾಂಡುಗಳಲ್ಲಿ ಬುಟ್ಟಿ ಇಟ್ಟು ಕೂರುವ ಅವ್ವಂದಿರಿಗೆ ಗುಡ್ಡದ ಸೀತಾಫಲ ಬಂಡವಾಳವಿಲ್ಲದ ದುಡಿಮೆ. ಗುಡ್ಡ ಕಡಿದು ಕಲ್ಲು ಗಣಿಯೋ ಪ್ಲಾಟೋ ಮಾಡಿದರೆ ಅದೂ ಹೋಗುತ್ತದೆ. ಹರಿತ ಹಾರಂ 2015ರಲ್ಲಿ ಶುರುವಾದಾಗಿನಿಂದ ಶಾಲೆಗಳಲ್ಲಿ ಸಸಿ ನೆಡುತ್ತಲೇ ಇದ್ದೇವೆ. ಆ ಸಾಲಿನಲ್ಲಿ ಇದಕ್ಕೂ ಜಾಗ ಕೊಡಿ. ಬೀಜದ ಪುಡಿ ಮಾತ್ರ ಕಣ್ಣಿಗೆ ಬೀಳಬಾರದು, ತಲೆಗೆ ಹೇನಿಗೆಂದು ಹಚ್ಚುವವರು ಎಚ್ಚರವಿರಲಿ.

ನೆಡುವವರು ಬೇಸಿಗೆಯಲ್ಲೇ ಎರಡು ಅಡಿ ಗುಣಿ ತೋಡಿ ಬಿಸಿಲಿಗೆ ಬಿಡಿ. ಗಿಡದಿಂದ ಗಿಡಕ್ಕೆ 5 ಮೀಟರ್ ಸಾಕು. ಮಸಾರಿ ನೆಲ ಒಳ್ಳೆಯದು. ನೀರು ನಿಲ್ಲುವ ಎರೆಹೊಲ ಬೇಡ. ಬೀಜದ ಗಿಡ ಒಂದೊಂದು ಒಂದೊಂದು ಥರ, ಆದ್ದರಿಂದ ಕಸಿ ಸಸಿಯನ್ನೇ ತನ್ನಿ. ಏಪ್ರಿಲ್, ಮೇ ತಿಂಗಳ ಹೂ ಬಿಸಿಗಾಳಿಗೆ ಉದುರಿದರೆ ಗಾಬರಿ ಬೇಡ. ಮಿರುಗದ ಮಳೆ ಬಿದ್ದು ಗಾಳಿಯಲ್ಲಿ ತೇವ ಬಂದ ಮೇಲೆ ಬಿಡುವ ಹೂವೇ ಹೆಚ್ಚಾಗಿ ಕಾಯಿ ಕಟ್ಟುವುದು.