ಗಾಳಕ್ಕೆ ರಾಗಿಮುದ್ದೆ

ಆನ್‌ಸೈಟ್ ಅಂತ ಅಮೆರಿಕದ ಆರೆಗಾನಿಗೆ ಹೋಗಿದ್ದಾಗ ನಮ್ಮ ಟೀಮಿನಲ್ಲಿ ಸ್ಟೀಲ್‌ಹೆಡ್ ಮೀನಿನ ಹುಚ್ಚು ಹತ್ತಿದವನೊಬ್ಬನಿದ್ದ. ಸಮುದ್ರದಲ್ಲಿ ಬೆಳೆದು, ಮೊಟ್ಟೆಯಿಡಲು ಹೊಳೆಗೆ ವಾಪಸ್ ಬರುವ ಮೀನು ಅದು. ಅವನ ಹತ್ತಿರ ಎರಡೂ ಕೈಯಲ್ಲಿ ಹಿಡಿದು ಬೀಸುವ ಉದ್ದನೆ ಕೋಲು, ಗರಿ-ನೂಲು ಸುತ್ತಿ ಮಾಡಿದ 'ನೊಣ'ಗಳ ಡಬ್ಬಿ. ನೀರು ತಿಳಿಯಾಗಿದ್ದರೆ ಚಿಕ್ಕದು, ಕಪ್ಪನೆಯದು. ಕದಡಿದ್ದರೆ ದೊಡ್ಡದು, ಕಣ್ಣಿಗೆ ಹೊಡೆಯುವ ಬಣ್ಣದ್ದು. "ನಿಮ್ಮೂರಲ್ಲಿ ಏನು ಕಟ್ತೀರಿ?" ಅಂದ. ಮದ್ದೂರಿನವನಾದ ನನಗೆ ವಡೆ ಬಿಟ್ಟು ಬೇರೇನೂ ಹೊಳೆಯಲಿಲ್ಲ :)

ಊರಿಗೆ ಬಂದಾಗ ಮಳವಳ್ಳಿಯ ಸೋದರಮಾವನನ್ನ ಕೇಳಿದೆ. "ರೆಕ್ಕೆ ಪುಕ್ಕ ಯಾತಕ್ಲಾ? ನಮ್ ಹೊಳೆ ಮೀನ್ಗೂ ಮುದ್ದೇನೇ ಆಗ್ಬೇಕು ಕಣ್ಲಾ" ಅಂದ್ರು.

ತಮಾಷೆಗೆ ಹೇಳಿದ್ದಲ್ಲ. ಮುತ್ತತ್ತಿ, ಭೀಮೇಶ್ವರಿ ಕಡೆ ಕಾವೇರಿಯಲ್ಲಿ ಮಹಶೀರ್ ಹಿಡಿಯಲು ಬಳಸುತ್ತಿದ್ದದ್ದು ಗಟ್ಟಿಯಾಗಿ ಬೇಯಿಸಿದ ರಾಗಿ ಉಂಡೆ. ಈ ಮೀನನ್ನ ನಮ್ಮ ಕಡೆ ಬಿಳಿಮೀನು ಅಂತಾರೆ. ಇದಕ್ಕೆ ದವಡೆಯಲ್ಲಿ ಹಲ್ಲಿಲ್ಲ, ಗಂಟಲಲ್ಲಿದೆ. ಆದರೂ ಬಾಯಿ ಮುಚ್ಚಿದರೆ ತೆಳು ಗಾಳ ಅಪ್ಪಚ್ಚಿ. ಅದಕ್ಕೇ ದಪ್ಪ ಗಾಳ, ಬಂಡೆಗೆ ಉಜ್ಜಿದರೂ ತಡೆಯುವ ದಾರ, ಗಟ್ಟಿ ಕೋಲು ಬೇಕು.

ಬ್ರಿಟಿಷರಿಗೆ ಈ ಮೀನೆಂದರೆ ಪ್ರಾಣ. ದಕ್ಷಿಣ ಕನ್ನಡದಲ್ಲಿ ಕಲೆಕ್ಟರಾಗಿದ್ದ ಎಚ್. ಎಸ್. ಥಾಮಸ್ ೧೮೭೩ರಲ್ಲಿ 'ದಿ ರಾಡ್ ಇನ್ ಇಂಡಿಯಾ' ಅಂತ ಪುಸ್ತಕವನ್ನೇ ಬರೆದ. ೧೯೪೬ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕಬಿನಿಯಲ್ಲಿ ೧೨೦ ಪೌಂಡಿನದನ್ನು, ಅಂದರೆ ಸುಮಾರು ೫೪ ಕೆಜಿಯದನ್ನು ಹಿಡಿದರು. ಆಮೇಲೆ ಭೀಮೇಶ್ವರಿ, ದೊಡ್ಡಮಾಕಳಿ, ಕನಕಪುರ ತಾಲೂಕಿನ ಗಾಳಿಬೋರೆಗಳಲ್ಲಿ ಕ್ಯಾಂಪುಗಳು ಬಂದವು. ಮೊದಲು ಕದ್ದು ಮೀನು ಹಿಡಿಯುತ್ತಿದ್ದ ಊರಿನವರೇ ಕೆಲವರು ಅಲ್ಲಿ ಗೈಡುಗಳಾದರು. ಯಾವ ಮಡುವಿನಲ್ಲಿ ಮೀನಿದೆ, ತೆಪ್ಪ ಎಲ್ಲಿ ನಿಲ್ಲಿಸಬೇಕು ಅನ್ನೋದು ಅವರಿಗೇ ಗೊತ್ತು. ಹಿಡಿದ ಮೀನನ್ನ ತೂಗಿ, ಬರೆದುಕೊಂಡು, ವಾಪಸ್ ನೀರಿಗೆ ಬಿಡಬೇಕು. ಅದು ನಿಯಮ.

ನನಗೆ ರೋಮಾಂಚನವಾಗಿದ್ದು ಈ 'ಬರೆದುಕೊಂಡು' ಅನ್ನೋ ಕಡೆ. ಸರ್ವರ್ ಬಿದ್ದಾಗ ನಾವು ಲಾಗ್ ಫೈಲ್ ತೆಗೆದು ನೋಡಲ್ವಾ, ಹಾಗೇ ವಿಜ್ಞಾನಿಗಳು ಗಾಳಿಬೋರೆಯ ೧೯೯೮ರಿಂದ ೨೦೧೨ರವರೆಗಿನ ಲೆಕ್ಕ ತೆಗೆದು ನೋಡಿದರು. ೨೩,೬೨೦ ಗಂಟೆ ಗಾಳ, ೬,೧೬೧ ಮಹಶೀರ್. ಅದರಲ್ಲಿ ಕಾವೇರಿಯದೇ ಆದ ಡುಬ್ಬದ ಮಹಶೀರ್ ನೂರಕ್ಕೆ ಐದು ಮಾತ್ರ. ಉಳಿದವೆಲ್ಲ ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯವು. ವರ್ಷ ಕಳೆದಂತೆ ಡುಬ್ಬದ ಮೀನು ಸಿಗುವುದು ಕಡಿಮೆಯಾಯಿತು, ಆದರೆ ಸಿಕ್ಕವುಗಳ ಸರಾಸರಿ ತೂಕ ಏರುತ್ತಾ ಹೋಯಿತು. ದೊಡ್ಡ ಮೀನು ಸಿಕ್ಕಿತು ಅಂತ ಗಾಳದವರಿಗೆ ಖುಷಿ... ಅದರ ಅರ್ಥ ಮಾತ್ರ ಮರಿಗಳೇ ಬರುತ್ತಿಲ್ಲ ಅಂತ!

೨೦೧೮ರಲ್ಲಿ ಈ ಮೀನಿಗೆ ಕೊನೆಗೂ ಸರಿಯಾದ ವೈಜ್ಞಾನಿಕ ಹೆಸರು ಖಚಿತವಾಯಿತು, ಟಾರ್ ರೆಮಾದೇವಿ ಅಂತ. ಅದೇ ವರ್ಷ ತೀವ್ರ ಅಳಿವಿನಂಚಿನ ಪಟ್ಟಿಗೂ ಸೇರಿತು. ಹೆಸರು ಸಿಕ್ಕ ವರ್ಷವೇ ಹೆಚ್ಚುಕಡಿಮೆ ಹೆಸರಿಲ್ಲದಂತಾಗುವ ಸ್ಥಿತಿ.

ಅಷ್ಟರಲ್ಲಾಗಲೇ ಕಾವೇರಿ ವನ್ಯಧಾಮದಲ್ಲಿ ಗಾಳ ಹಾಕುವುದು ನಿಂತಿತ್ತು. ವನ್ಯಧಾಮದೊಳಗೆ ಪ್ರಾಣಿಗಳಿಗೆ ತೊಂದರೆ ಕೊಡಬಾರದು ಅನ್ನೋದು ನ್ಯಾಯವೇ. ಆದರೆ ಗಾಳದ ಜೊತೆ ಆ ಲೆಕ್ಕದ ಪುಸ್ತಕವೂ ನಿಂತುಹೋಯಿತು. ಡೈನಮೈಟ್ ಹಾಕಿ ಮೀನು ಕೊಲ್ಲುವವರು ಯಾವತ್ತೂ ಲೆಕ್ಕ ಬರೆದವರಲ್ಲ. ನಿಷೇಧ ತಪ್ಪೋ ಸರಿಯೋ ಹೇಳುವಷ್ಟು ನಾನು ತಿಳಿದವನಲ್ಲ. ಆದರೆ ಎಣಿಸುವುದನ್ನು ಬಿಟ್ಟರೆ, ಕೊನೆಯದು ಹೋದದ್ದೂ ಗೊತ್ತಾಗಲ್ಲ ಅನ್ನೋದಷ್ಟೇ ನನ್ನ ಭಯ.

ಆರೆಗಾನಿನ ಗೆಳೆಯನಿಗೆ ಮೇಲ್ ಹಾಕಿದೆ: ನಮ್ಮ 'ನೊಣ' ರಾಗಿಯದು, ನೀರು ತಿಳಿಯಾಗಿದ್ದರೂ ಕದಡಿದ್ದರೂ ಅದೇ. ನಿಮ್ಮ ಮನೆಯಲ್ಲಿ ಹಿರಿಯರು ಹೊಳೆಯಲ್ಲಿ ಬಿಳಿಮೀನು ನೋಡಿದ್ದಾರಾ? ಕೇಳಿ, ಬರೀರಿ. ಲೆಕ್ಕಕ್ಕೆ ಒಂದಾದರೂ ಸೇರಲಿ.